ಸುರಪುರದ ದೊರೆಮಗ ಮತ್ತು ಅವನ ಅಪ್ಪ

ಮದುವೆಯಾಗಿ ಎರಡು ಮಕ್ಕಳ ತಾಯಿಯಾದ ಮೇಲೂ, ನಮ್ಮ ಅವ್ವ ನನ್ನನ್ನ ಒಂದಿನಾನೂ ಹತ್ತಿರ ಕೂಡಿಸಿಕೊಂಡು ಮಾತಾಡಲಿಲ್ಲ ಅಂತ ಕಣ್ಣೀರಿಡುವ ಗೆಳತಿಯರು ನಿಮಗೂ ಇರಬಹುದು. ಆ ಗೆಳತಿ ನೀವೇ ಆಗಿರಲೂಬಹುದು. ಹಾಗಿದ್ದರೆ ಇವತ್ತು ನಿಮಗೆ ನಮ್ಮದೇ ಸೀಮೆಯ ಒಬ್ಬ ಹುಡುಗನ ಕಥೆ ಹೇಳಬೇಕು. ಅವನ ಹೆಸರು ನಿಮಗೆ ಗೊತ್ತು: ಸುರಪುರದ ರಾಜಾ ವೆಂಕಟಪ್ಪ ನಾಯಕ. 1858ರಲ್ಲಿ ಬ್ರಿಟಿಷರ ವಿರುದ್ಧ ಕತ್ತಿ ಹಿರಿದ ವೀರ ಅಂತ ಶಾಲೆಯಲ್ಲಿ ಓದಿದ್ದೀವಿ. ಆದರೆ ಆ ವೀರ ಒಂದು ಕಾಲಕ್ಕೆ ಎಷ್ಟು ಒಂಟಿ ಮಗುವಾಗಿದ್ದ ಅನ್ನೋದನ್ನ ಯಾರೂ ನಮಗೆ ಹೇಳಲಿಲ್ಲ, ಅಲ್ವಾ?

ತಂದೆ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಹುಡುಗನಿಗೆ ಏಳೆಂಟು ವರ್ಷ. ನಮ್ಮ ಮನೆಗಳಲ್ಲಿ ಆ ವಯಸ್ಸಿನ ಮಕ್ಕಳು ಇನ್ನೂ ರಾತ್ರಿ ಕತ್ತಲಾದರೆ ಸೆರಗು ಹಿಡಿದುಕೊಳ್ಳುತ್ತವೆ. ಇವನ ಪಾಲಿಗೆ ಬಂದದ್ದು ಗದ್ದುಗೆ. ಅದರ ಸುತ್ತ ದೊಡ್ಡವರ ಜಗಳ. ರಾಜ್ಯಭಾರ ಯಾರು ನೋಡಿಕೊಳ್ಳಬೇಕು ಅಂತ ತಾಯಿ ರಾಣಿ ಈಶ್ವರಮ್ಮನಿಗೂ ಕಾಕಾ ಪಿಡ್ಡ ನಾಯಕನಿಗೂ ತಿಕ್ಕಾಟ. ಸಾಲದ ಹೊರೆ ಒಂದು ಕಡೆ, ನಿಜಾಮ ಮತ್ತು ಇಂಗ್ಲಿಷರ ಒತ್ತಡ ಇನ್ನೊಂದು ಕಡೆ. ಇಷ್ಟರ ನಡುವೆ ಹುಡುಗ ಉಂಡನೋ ಬಿಟ್ಟನೋ ಕೇಳುವವರು ಯಾರು?

ಆಗ ಬಂದವರು ಫಿಲಿಪ್ ಮೆಡೋಸ್ ಟೇಲರ್ ಎಂಬ ಅಧಿಕಾರಿ. ಆತನ ಬಾಲ್ಯವೂ ಸುಖದ್ದಲ್ಲ ಅನ್ನೋದು ಇಲ್ಲಿ ಮುಖ್ಯ. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದವರು. ತಂದೆಯ ವ್ಯಾಪಾರ ಮುಳುಗಿತು. ಆಟವಾಡುವ ವಯಸ್ಸಿನಲ್ಲಿ ವ್ಯಾಪಾರಿಯ ಕಚೇರಿಯಲ್ಲಿ ದುಡಿಮೆಗೆ ಬಿದ್ದರು. 1824ರಲ್ಲಿ, ಹದಿನೈದರ ಹುಡುಗನನ್ನು ಮುಂಬೈಯ ಒಬ್ಬ ವ್ಯಾಪಾರಿಯ ಹತ್ತಿರ ಒಬ್ಬನನ್ನೇ ಹಡಗಿನಲ್ಲಿ ಕಳಿಸಿದರು. ಬಂದು ನೋಡಿದರೆ ಆ ವ್ಯಾಪಾರಿಯೇ ದಿವಾಳಿ ಅಂಚಿನಲ್ಲಿದ್ದ! ಕೊನೆಗೆ ನಿಜಾಮನ ಸೇವೆಯಲ್ಲಿ ನೌಕರಿ ಸಿಕ್ಕಿ ಹೇಗೋ ದಡ ಸೇರಿದರು. ಮನೆಯವರ ಮೇಲೆ ಸಿಟ್ಟು ಇಟ್ಟುಕೊಂಡು ಕಹಿಯಾಗಲಿಕ್ಕೆ ಬೇಕಾದ ಕಾರಣಗಳೆಲ್ಲ ಇದ್ದ ಮನುಷ್ಯ, ಸುರಪುರಕ್ಕೆ ಬಂದು ಮತ್ತೊಬ್ಬರ ಮಗುವಿಗೆ ಆಸರೆಯಾದರು. ರಾಜಕುಮಾರ ಅವರನ್ನು ಅಪ್ಪ ಅಂತಲೇ ಕರೆಯುತ್ತಿದ್ದ.

ಟೇಲರ್ ತಮ್ಮ ಆತ್ಮಕಥೆಯಲ್ಲಿ ರಾಣಿ ಈಶ್ವರಮ್ಮನ ಬಗ್ಗೆ ಒಳ್ಳೆಯ ಮಾತು ಬರೆದಿರುವುದು ಕಡಿಮೆ. ಮಗನ ಮೇಲೆ ಮಮತೆಯಿಲ್ಲದ, ಅಧಿಕಾರದ ಆಸೆಯ ಹೆಂಗಸು ಅನ್ನುವ ಚಿತ್ರವೇ ಓದುವವರಿಗೆ ಸಿಗುತ್ತದೆ. ಒಬ್ಬ ಹೆಂಗಸಾಗಿ ನನಗೆ ಇದನ್ನು ಪೂರ್ತಿ ಒಪ್ಪಲಿಕ್ಕೆ ಆಗುವುದಿಲ್ಲ. ಆಕೆಯ ಕೈಯಿಂದ ಅಧಿಕಾರ ಕಿತ್ತುಕೊಂಡವರೇ ಆಕೆಯ ಕಥೆ ಬರೆದವರು. ಆಕೆ ಬರೆದ ಪುಸ್ತಕ ನಮ್ಮ ಕೈಯಲ್ಲಿಲ್ಲ. ಗಂಡ ಸತ್ತ ಹೆಣ್ಣುಮಗಳು, ಎದುರಿಗೆ ಮೈದುನ, ಹಿಂದೆ ಪರದೇಶದ ಸೈನ್ಯ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಇನ್ನೊಂದು ಸಂಗತಿ ಓದಿದಾಗಿನಿಂದ ನನ್ನ ಮನಸ್ಸು ಬೇರೆ ಥರಾನೇ ಯೋಚಿಸುತ್ತಿದೆ. ಒಮ್ಮೆ ರಾಣಿಗೆ ಕಾಯಿಲೆ ಜೋರಾಗಿ, ತಾನು ಉಳಿಯುವುದಿಲ್ಲ ಅನ್ನಿಸಿ ಟೇಲರ್‌ಗೆ ಹೇಳಿ ಕಳಿಸಿದಳಂತೆ. ಆಗ ಶಾಸ್ತ್ರಿಯೊಬ್ಬರು ರಾಜಕುಮಾರನ ಜಾತಕ ಬಿಚ್ಚಿದರು. ಇಪ್ಪತ್ನಾಲ್ಕನೇ ವರ್ಷ ದಾಟುವುದಿಲ್ಲ ಅಂತ ಅದರಲ್ಲಿತ್ತು. ಹುಟ್ಟಿದಾಗಲೇ ತಂದೆ ತಾಯಿಗೆ ಇದು ಗೊತ್ತಿತ್ತು, ಹೊರಗೆ ಯಾರಿಗೂ ಹೇಳಿರಲಿಲ್ಲ ಅಂತ ಟೇಲರ್ ಬರೆಯುತ್ತಾರೆ. ಜಾತಕವನ್ನು ನೀವು ನಂಬಿ, ಬಿಡಿ, ಅದು ಬೇರೆ ಮಾತು. ಆ ತಾಯಿ ನಂಬಿದ್ದಳಲ್ಲ! ಕಳೆದುಕೊಳ್ಳಲೇಬೇಕಾದ ಮಗುವನ್ನು ಗಟ್ಟಿಯಾಗಿ ಅಪ್ಪಿಕೊಳ್ಳಲಿಕ್ಕೆ ಭಯವಾಗಿ ದೂರ ಇಟ್ಟಳೇನೋ. ಇದು ನನ್ನ ಊಹೆ ಅಷ್ಟೆ. ಆದರೆ ನಮ್ಮನ್ನು ದೂರ ಇಟ್ಟ ಅವ್ವಂದಿರ ಎದೆಯಲ್ಲಿ ಯಾವ ಜಾತಕ ಮಡಚಿಟ್ಟಿತ್ತೋ ನಾವು ಯಾವತ್ತಾದರೂ ಕೇಳಿದ್ದೀವಾ?

1853ರಲ್ಲಿ ರಾಜ್ಯ ವೆಂಕಟಪ್ಪನ ಕೈಗೆ ಬಂತು, ಟೇಲರ್ ಸುರಪುರ ಬಿಟ್ಟು ಹೋದರು. ಹತ್ತೊಂಬತ್ತರ ಹುಡುಗ ಮತ್ತೆ ಒಬ್ಬನೇ. ಖರ್ಚು ಮಿತಿ ಮೀರಿತು, ಕೆಟ್ಟ ಸಹವಾಸ ಸೇರಿತು ಅಂತ ಟೇಲರ್ ದೂರುತ್ತಾರೆ. ಹೋಗಲಿ ಬಿಡಿ, ಆ ವಯಸ್ಸಿನಲ್ಲಿ ಕೈಹಿಡಿದು ಹೇಳುವವರಿಲ್ಲದಿದ್ದರೆ ಯಾರಿಗಾದರೂ ಹಾಗಾಗುತ್ತದೆ.

1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ಯುದ್ಧ ನಡೆಯಿತು. ಬ್ರಿಟಿಷ್ ಅಧಿಕಾರಿ ನ್ಯೂಬೆರಿ ಅದರಲ್ಲಿ ಸತ್ತ. ರಾಜ ಹೈದರಾಬಾದಿಗೆ ಹೋದಾಗ ಸೆರೆಸಿಕ್ಕ. ಸೆರೆಮನೆಗೆ ಅವನನ್ನು ನೋಡಲು ಟೇಲರ್ ಬಂದರು. ಯೋಚಿಸಿ ನೋಡಿ. ತನ್ನನ್ನು ಬಂಧಿಸಿದವರ ಕಡೆಯ ಮನುಷ್ಯ, ಐದು ವರ್ಷದ ಹಿಂದೆ ತನ್ನನ್ನು ಬಿಟ್ಟು ಹೋದ ಮನುಷ್ಯ. ಮುಖ ತಿರುಗಿಸಿಕೊಳ್ಳಲಿಕ್ಕೆ ಇದಕ್ಕಿಂತ ಕಾರಣ ಬೇಕೆ? ಆದರೆ ವೆಂಕಟಪ್ಪ ಅವರನ್ನು ತಬ್ಬಿಕೊಂಡು ಅತ್ತ. ದಂಗೆಯಲ್ಲಿ ಜೊತೆಯಾದವರ ಹೆಸರು ಮಾತ್ರ ಹೇಳಲಿಲ್ಲ. ಕಳ್ಳನ ಹಾಗೆ ನೇಣಿಗೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ ಅಂತಷ್ಟೆ ಕೇಳಿಕೊಂಡ. ಪ್ರೀತಿಯನ್ನೂ ಬಿಡಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ಕ್ಷಮಿಸುವುದು ಅಂದರೆ ಎಲ್ಲದಕ್ಕೂ ಹೂಂ ಅನ್ನುವುದು ಅಂದುಕೊಂಡು ಹಿಂಜರಿಯುವವರು ಈ ಭೇಟಿಯನ್ನು ಸ್ವಲ್ಪ ನೆನಪಿಸಿಕೊಳ್ಳಿ.

ಮರಣದಂಡನೆ ಮೊದಲು ಜೀವಾವಧಿ ಗಡೀಪಾರಾಯಿತು, ಆಮೇಲೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಮದ್ರಾಸಿನ ಹತ್ತಿರದ ಚೆಂಗಲ್ಪಟ್ಟಿಗೆ ಕರೆದೊಯ್ಯುವ ದಾರಿಯಲ್ಲಿ ಗುಂಡೇಟಿನಿಂದ ರಾಜ ತೀರಿಕೊಂಡ. ತಾನೇ ಹೊಡೆದುಕೊಂಡ ಅಂತ ಸರ್ಕಾರಿ ಮಾತು. ನಮ್ಮ ಕಡೆ ಅದನ್ನು ನಂಬದವರು ಬಹಳ ಜನ. ಇಪ್ಪತ್ನಾಲ್ಕರ ಆಸುಪಾಸಿನ ವಯಸ್ಸು. ಅವ್ವ ಬಚ್ಚಿಟ್ಟಿದ್ದ ಜಾತಕವನ್ನು ಟೇಲರ್ ಆಗ ನೆನೆದರು.

ಯಾದಗಿರಿ, ಶಹಾಪುರದಿಂದ ಸುರಪುರಕ್ಕೆ ವೇಣುಗೋಪಾಲ ಸ್ವಾಮಿ ದರ್ಶನಕ್ಕೆ ಹೋಗುವವರು ನೀವು ಬಹಳ ಜನ ಇದ್ದೀರಿ. ಮುಂದಿನ ಸಲ ಹೋದಾಗ ಗುಡ್ಡದ ಮೇಲಿರುವ ಟೇಲರ್ ಮಂಜಿಲ್‌ಗೂ ಮಕ್ಕಳನ್ನು ಕರೆದುಕೊಂಡು ಹೋಗಿ. ಸಾಧ್ಯವಾದರೆ ನಿಮ್ಮ ಅವ್ವನನ್ನೂ. ಬಿಸಿಲು ಇಳಿದ ಮೇಲೆ ಹತ್ತಿದರೆ ವಯಸ್ಸಾದವರಿಗೆ ತ್ರಾಸಾಗುವುದಿಲ್ಲ. ಅಲ್ಲಿ ಕೂತು, ನಿನ್ನ ಸಣ್ಣಂದಿನಲ್ಲಿ ನಿನ್ನನ್ನ ಯಾರು ನೋಡಿಕೊಂಡರು ಅಂತ ಅವ್ವನನ್ನ ಒಂದು ಮಾತು ಕೇಳಿ.