ಎರಡು ಸೇನೆಗಳು ಹೊರಗಿಟ್ಟ ಸೇನಾನಿ: ಸಿಕಂದರ್ ಸಾಹೇಬ್

ದೆಹಲಿಯ ಕಾಶ್ಮೀರಿ ಗೇಟ್ ಸಮೀಪದ ಸೇಂಟ್ ಜೇಮ್ಸ್ ಚರ್ಚ್ ಆ ನಗರದ ಅತಿ ಹಳೆಯ ಚರ್ಚುಗಳಲ್ಲೊಂದು. ಅದನ್ನು ಸ್ವಂತ ಹಣದಿಂದ ಕಟ್ಟಿಸಿದವನು ಕರ್ನಲ್ ಜೇಮ್ಸ್ ಸ್ಕಿನ್ನರ್. ಆತನ ಸವಾರರಿಗೆ ಆತ ಸಿಕಂದರ್ ಸಾಹೇಬ್. ಆಂಗ್ಲರ ಕಣ್ಣಿಗೆ ಭಾರತೀಯನಾಗಿ, ಮರಾಠಾ ಪಾಳೆಯದ ಕಣ್ಣಿಗೆ ಆಂಗ್ಲನಾಗಿ ಕಂಡ ಈ ಸೇನಾನಿಯನ್ನು ಎರಡೂ ಸೇನೆಗಳು ಹುಟ್ಟಿನ ಕಾರಣಕ್ಕಾಗಿಯೇ ಹೊರಗಿಟ್ಟಿದ್ದವು.

ಸ್ಕಿನ್ನರ್ ಜನಿಸಿದ್ದು 1778ರಲ್ಲಿ. ತಂದೆ ಹರ್ಕ್ಯುಲಿಸ್ ಸ್ಕಿನ್ನರ್ ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದ ಸ್ಕಾಟ್ಲೆಂಡಿನವನು. ತಾಯಿ ಭೋಜಪುರ ಸೀಮೆಯ ರಜಪೂತ ಜಮೀನ್ದಾರನ ಮಗಳು. ಹೆಣ್ಣುಮಕ್ಕಳನ್ನು ಪರದೆಯಿಂದ ಹೊರತಂದು ಶಾಲೆಗೆ ಕಳುಹಿಸಲು ತಂದೆ ನಿರ್ಧರಿಸಿದಾಗ, ಅದನ್ನು ಕುಲಕ್ಕೆ ಬಂದ ಅಪಮಾನವೆಂದು ಬಗೆದ ತಾಯಿ 1790ರಲ್ಲಿ ಪ್ರಾಣ ಕಳೆದುಕೊಂಡಳು. ಎರಡು ಲೋಕಗಳ ನಡುವಿನ ಬಿರುಕನ್ನು ಬಾಲಕ ಮೊದಲು ಕಂಡದ್ದು ತನ್ನ ಮನೆಯಲ್ಲಿಯೇ.

ಮರುವರ್ಷ ಕಂಪನಿಯು ಭಾರತೀಯ ತಾಯಂದಿರ ಮಕ್ಕಳಿಗೆ ತನ್ನ ಅಧಿಕಾರಿ ಹುದ್ದೆಗಳ ಬಾಗಿಲು ಮುಚ್ಚಿತು. ತಂದೆಯ ವೃತ್ತಿ ಮಗನಿಗೆ ನಿಷಿದ್ಧವಾಯಿತು. ಮುದ್ರಣಾಲಯವೊಂದರಲ್ಲಿ ಕೆಲಸ ಕಲಿಯಲು ಹಾಕಿದರೆ ಆತ ಅಲ್ಲಿಂದ ಓಡಿಹೋದ. ಕಡೆಗೆ 1795ರ ಸುಮಾರಿಗೆ ಸಿಂಧಿಯಾ ಸೇನೆ ಸೇರಿದ. 1800ರಲ್ಲಿ ಉಣಿಯಾರಾ ಕದನದಲ್ಲಿ ತೀವ್ರವಾಗಿ ಗಾಯಗೊಂಡು ರಣರಂಗದಲ್ಲಿ ಬಿದ್ದಿದ್ದವನಿಗೆ ರೊಟ್ಟಿ, ನೀರು ಕೊಟ್ಟವಳು ಅಸ್ಪೃಶ್ಯಳೆನಿಸಿದ್ದ ಒಬ್ಬ ಹೆಂಗಸು. ಆಕೆಯನ್ನು ತಾಯಿಯೆಂದೇ ಆತ ನೆನೆದ. ಬದುಕಿದರೆ ಚರ್ಚ್ ಕಟ್ಟಿಸುವೆನೆಂದು ಹರಕೆ ಹೊತ್ತದ್ದೂ ಅಲ್ಲಿಯೇ.

1803ರಲ್ಲಿ ಮರಾಠರಿಗೂ ಆಂಗ್ಲರಿಗೂ ಯುದ್ಧ ಸನ್ನಿಹಿತವಾಯಿತು. ಸಿಂಧಿಯಾ ಸೇನೆಯ ಫ್ರೆಂಚ್ ದಂಡನಾಯಕ ಪೆರೋನ್ ಆಂಗ್ಲ ರಕ್ತಸಂಬಂಧವಿದ್ದ ಅಧಿಕಾರಿಗಳನ್ನು ವಜಾ ಮಾಡಿದ. ಉಳಿಯಬಯಸಿದ್ದ ಸ್ಕಿನ್ನರ್ ಕೂಡ ಹೊರಬಿದ್ದ. ಒಲ್ಲದ ಮನಸ್ಸಿನಿಂದ ಜನರಲ್ ಲೇಕ್‌ನ ಪಾಳೆಯಕ್ಕೆ ಬಂದರೂ, ಉಪ್ಪು ತಿಂದ ಸಿಂಧಿಯಾನ ವಿರುದ್ಧ ಕತ್ತಿ ಎತ್ತಲಾರೆನೆಂಬ ನಿಬಂಧನೆ ಹಾಕಿದ. ದೆಹಲಿ ಕದನದ ಬಳಿಕ ಪೆರೋನನ ಅಶ್ವಾರೋಹಿಗಳು ಆಂಗ್ಲರ ಕಡೆಗೆ ಬಂದಾಗ ತಮ್ಮ ನಾಯಕನನ್ನಾಗಿ ಆರಿಸಿಕೊಂಡದ್ದು ಸ್ಕಿನ್ನರನನ್ನು. ಹಳದಿ ಸಮವಸ್ತ್ರದ ಸ್ಕಿನ್ನರ್ ಅಶ್ವದಳ ಬೆಳೆದದ್ದು ಹೀಗೆ.

ಆದರೂ ಬೇಲಿ ಉಳಿದೇ ಇತ್ತು. ಭಾರತೀಯ ತಾಯಿಯ ಮಗನೆಂದು ಕಂಪನಿಯ ನಿಯಮಿತ ಅಧಿಕಾರಿಗಳ ಸಾಲಿನಲ್ಲಿ ಆತನಿಗೆ ಸ್ಥಾನವಿರಲಿಲ್ಲ. ಲೇಕ್ ಮಾತು ಕೊಟ್ಟಿದ್ದ ಜಾಗೀರಿಗೆ, ಬ್ರಿಟಿಷ್ ಪ್ರಜೆ ಭೂಮಿ ಹೊಂದಕೂಡದೆಂಬ ನಿಯಮ ಅಡ್ಡಿಯಾಯಿತು. ಕೊಡಬೇಕಾದಾಗಲೆಲ್ಲ ಆತನ ಯಾವುದಾದರೊಂದು ಅರ್ಧ ಅಡ್ಡ ಬರುತ್ತಿತ್ತು. ಜಾಗೀರು, ಕರ್ನಲ್ ಪದವಿ, ಬಿರುದು ಎಲ್ಲವೂ ಬಂದವು. ವರ್ಷಗಳ ಸೇವೆಯ ನಂತರ ಬಂದವು.

ಸ್ಕಿನ್ನರ್ ಇಂಗ್ಲಿಷನಂತೆ ತೋರಲು ಹೆಣಗಲಿಲ್ಲ. ಪಾರ್ಸಿ ಭಾಷೆಯಲ್ಲಿ ಪಳಗಿದ್ದ ಆತ ಹಿಂದೂಸ್ತಾನದ ಜಾತಿ, ಕಸುಬುಗಳನ್ನು ವಿವರಿಸುವ ಸಚಿತ್ರ ಗ್ರಂಥವನ್ನು 1825ರಲ್ಲಿ ಆ ಭಾಷೆಯಲ್ಲಿಯೇ ಸಿದ್ಧಪಡಿಸಿದ. ಮೊಗಲ್ ಅಮೀರರ ರೀತಿಯಲ್ಲಿ ಬದುಕಿದ. ಹರಕೆಯ ಚರ್ಚನ್ನೂ ಕಟ್ಟಿಸಿದ. ಅದು 1836ರಲ್ಲಿ ಪ್ರತಿಷ್ಠಾಪನೆಯಾಯಿತು.

1841ರ ಡಿಸೆಂಬರ್ 4ರಂದು ಹಾಂಸಿಯಲ್ಲಿ ನಿಧನನಾದ ಸ್ಕಿನ್ನರ್‌ನ ದೇಹವನ್ನು ಮರುತಿಂಗಳು ದೆಹಲಿಗೆ ತಂದು ಆ ಚರ್ಚಿನೊಳಗೆ ಸಮಾಧಿ ಮಾಡಲಾಯಿತು. ಆತ ಕಟ್ಟಿದ ದಳ ಇಂದು ಭಾರತೀಯ ಸೇನೆಯ ಟ್ಯಾಂಕ್ ರೆಜಿಮೆಂಟ್. ಹೆಸರು ಈಗಲೂ ಸ್ಕಿನ್ನರ್ಸ್ ಹಾರ್ಸ್. ಎರಡು ಸೇನೆಗಳು ಬೇಡವೆಂದವನ ಹೆಸರನ್ನು ಮೂರನೆಯದೊಂದು ಸೇನೆ ಹೆಮ್ಮೆಯಿಂದ ಉಳಿಸಿಕೊಂಡಿದೆ.