ಬಾವುಟಗುಡ್ಡೆ ಚಾಪೆಲ್‌ನ ಚಿತ್ರಗಾರ ಬ್ರದರ್ ಮೊಸ್ಕೇನಿ, ಮತ್ತೆ ಅವರ ಮಂಗಳೂರಿನ ಶಿಷ್ಯ

ಮಂಗಳೂರಿಗೆ ಸ್ಕೂಲ್ ಟೂರ್ ಹೋದವರಲ್ಲಿ ಹೆಚ್ಚಿನವರು ಬಾವುಟಗುಡ್ಡೆಯ ಸೇಂಟ್ ಅಲೋಶಿಯಸ್ ಚಾಪೆಲ್ ಒಳಗೆ ಕತ್ತೆತ್ತಿ ನಿಂತಿರ್ತಾರೆ. ಗೋಡೆ, ಮಾಡು, ಕಮಾನು, ಎಲ್ಲಿ ನೋಡಿದ್ರೂ ಚಿತ್ರ. ಇಟಲಿಯವರೊಬ್ಬರು ಬಿಡಿಸಿದ್ದು ಅಂತ ಯಾರೋ ಹೇಳ್ತಾರೆ, ಹೊರಗೆ ಬಂದು ಚಪ್ಪಲಿ ಹಾಕುವಷ್ಟರಲ್ಲಿ ಹೆಸರು ಮರೆತಿರುತ್ತೆ. ಆ ಹೆಸರು ಆಂಟೋನಿಯೊ ಮೊಸ್ಕೇನಿ. ಪಾದ್ರಿ ಅಲ್ಲ, ಬ್ರದರ್. ಅವರ ಜೊತೆ ಇನ್ನೊಂದು ಹೆಸರೂ ಹೇಳಬೇಕು, ಅದು ನಮ್ಮ ಮಂಗಳೂರಿನವರದ್ದೇ. ಅದಕ್ಕೆ ಆಮೇಲೆ ಬರ್ತೇನೆ.

ಮೊಸ್ಕೇನಿ ಹುಟ್ಟಿದ್ದು 1854ರ ಜನವರಿ 17ರಂದು, ಉತ್ತರ ಇಟಲಿಯ ಬೆರ್ಗಾಮೊ ಪಟ್ಟಣದ ಹತ್ತಿರದ ಸ್ಟೆಜ್ಜಾನೊ ಊರಲ್ಲಿ. ಕೈಯಲ್ಲಿ ಚಿತ್ರ ಇದೆ ಅಂತ ಗೊತ್ತಾದ ಮೇಲೆ ಬೆರ್ಗಾಮೊದ ಕರ್ರಾರ ಅಕಾಡೆಮಿಗೆ ಸೇರಿದರು. ಅದು ಆ ಭಾಗದ ದೊಡ್ಡ ಚಿತ್ರಶಾಲೆ. ಅಲ್ಲಿ ಮುಗಿಸಿ ರೋಮ್‌ಗೆ ಹೋಗಿ ವ್ಯಾಟಿಕನ್‌ನ ದೊಡ್ಡ ದೊಡ್ಡ ಚಿತ್ರಗಳನ್ನು ನೋಡಿ ಅಭ್ಯಾಸ ಮಾಡಿದರು. ಊರಿಗೆ ವಾಪಸ್ ಬಂದ ಮೇಲೆ ಸುತ್ತಮುತ್ತಲ ಇಗರ್ಜಿಗಳಿಂದ ಕೆಲಸ ಬರತೊಡಗಿತು. ಇಷ್ಟು ಸಿಕ್ಕಿದ ಮೇಲೆ ಯಾರಾದ್ರೂ ಸಂಸಾರ ಹೂಡಿ, ಬಂದ ಕೆಲಸ ಮಾಡಿಕೊಂಡು ಇರ್ತಿದ್ದರು.

ಅವರು ಹಾಗೆ ಮಾಡಲಿಲ್ಲ. 1889ರಲ್ಲಿ, 35ನೇ ವಯಸ್ಸಿನಲ್ಲಿ ಜೆಸ್ವಿಟ್ ಸಭೆಗೆ ಸೇರಿಬಿಟ್ಟರು. ಸೇರಿದ್ದು ಬ್ರದರ್ ಆಗಿ. ಪೂಜೆ ಅರ್ಪಿಸುವ ಅಧಿಕಾರ ಬ್ರದರ್‌ಗಳಿಗೆ ಇಲ್ಲ. ಆಗಿನ ಕಾಲದಲ್ಲಿ ಮಠದ ಅಡುಗೆ, ಹೊಲಿಗೆ, ಮರಗೆಲಸ, ತೋಟ, ಇಂಥದ್ದೆಲ್ಲ ಅವರ ಪಾಲಿಗೆ ಬರ್ತಿತ್ತು. ಬಡತನ, ಬ್ರಹ್ಮಚರ್ಯ, ವಿಧೇಯತೆ ಅಂತ ಮೂರು ವ್ರತ. ಅಂದ್ರೆ ಇನ್ನು ಮುಂದೆ ಚಿತ್ರ ಬಿಡಿಸಿದ್ದಕ್ಕೆ ಬರುವ ಒಂದು ಕಾಸೂ ಅವರದ್ದಲ್ಲ. ಯಾವ ಊರಲ್ಲಿ, ಯಾವ ಗೋಡೆ ಮೇಲೆ ಬಿಡಿಸಬೇಕು ಅನ್ನೋದನ್ನೂ ಮೇಲಿನವರೇ ತೀರ್ಮಾನಿಸ್ತಾರೆ. ಸ್ವಂತ ಹೆಸರಿಗೆ ಒಂದು ಅಂಗಡಿ ಇರಬೇಕು ಅಂತ ಜೀವಮಾನ ದುಡಿಯುವ ನಮಗೆ ಇದು ಅರ್ಥ ಆಗೋದು ಸ್ವಲ್ಪ ಕಷ್ಟ.

ಜೆಸ್ವಿಟ್ ಆಗೋರಿಗೆ ಮೊದಲು ಎರಡು ವರ್ಷದ ತರಬೇತಿ. ಅದರೊಳಗೆ ಸಂತ ಇಗ್ನೇಷಿಯಸ್ ರೂಪಿಸಿದ ಒಂದು ತಿಂಗಳ ಧ್ಯಾನ ಬರುತ್ತೆ. ಮಾತಿಲ್ಲ, ಮೌನ. ಯೇಸುವಿನ ಬದುಕಿನ ಒಂದೊಂದು ಘಟನೆಯನ್ನೂ ಕಣ್ಣ ಮುಂದೆ ತಂದುಕೊಳ್ಳಬೇಕು. ಆ ಜಾಗ ಹೇಗಿತ್ತು, ದಾರಿ ಎಷ್ಟು ಅಗಲ, ಯಾರು ಎಲ್ಲಿ ನಿಂತಿದ್ದರು, ಅವರ ಮುಖ ಹೇಗಿತ್ತು, ಏನು ಮಾತಾಡ್ತಿದ್ದರು ಅಂತ ಬಿಡಿಬಿಡಿಯಾಗಿ. ಎಲ್ಲರಿಗೂ ಇದು ಪ್ರಾರ್ಥನೆ. ಚಿತ್ರಗಾರನಿಗೆ ಕಣ್ಣಿನ ತಾಲೀಮೂ ಹೌದು ಅಂತ ನನಗೆ ಅನಿಸುತ್ತೆ. ಅಕಾಡೆಮಿ ಅವರ ಕೈ ತಿದ್ದಿತ್ತು, ಈ ಎರಡು ವರ್ಷ ಉಳಿದದ್ದನ್ನು ತಿದ್ದಿತು. ಬೆಳಿಗ್ಗೆ ಬೇಗ ಏಳೋದು, ಗಂಟೆ ಹೊಡೆದಾಗ ಕೈಯಲ್ಲಿದ್ದದ್ದು ಬಿಟ್ಟು ಏಳೋದು, ಹಾಕಿದ್ದನ್ನು ಉಣ್ಣೋದು. ಆಮೇಲೆ ಅಲ್ಬೇನಿಯಾ ಕಡೆಗೆ ಕಳಿಸಿದರು, ಅಲ್ಲಿಯ ಇಗರ್ಜಿಗಳಿಗೂ ಚಿತ್ರ ಬಿಡಿಸಿದರು.

ಈ ಕಡೆ ಮಂಗಳೂರಿಗೆ ಇಟಲಿಯ ಜೆಸ್ವಿಟರು ಬಂದದ್ದು 1878ರ ಕೊನೆಗೆ. 1880ರಲ್ಲಿ ಕಾಲೇಜು ಶುರು ಮಾಡಿದರು. ಅದೇ ದಶಕದಲ್ಲಿ ಗುಡ್ಡದ ಮೇಲೆ ಚಾಪೆಲ್ ಎದ್ದಿತು. ಕಟ್ಟಡ ಚೆನ್ನಾಗಿತ್ತು, ಗೋಡೆ ಖಾಲಿ. 1898ರಲ್ಲಿ ಮೊಸ್ಕೇನಿ ಬಂದರು. 1899ರಿಂದ 1901ರವರೆಗೆ, ಎರಡು ವರ್ಷಕ್ಕೂ ಹೆಚ್ಚು ಕಾಲ, ಗೋಡೆಯಿಂದ ಮಾಡಿನವರೆಗೆ ಚಿತ್ರ ತುಂಬಿಸಿದರು. 800 ಚದರ ಮೀಟರಿಗೂ ಹೆಚ್ಚು ಜಾಗ. ಕೆಲವು ಕ್ಯಾನ್ವಾಸ್ ಮೇಲೆ ಎಣ್ಣೆ ಬಣ್ಣದಲ್ಲಿ, ಹೆಚ್ಚಿನದ್ದು ಫ್ರೆಸ್ಕೊ.

ಫ್ರೆಸ್ಕೊ ಅಂದ್ರೆ ಏನು ಅಂತ ನಮ್ಮ ಗಾರೆ ಕೆಲಸದವರಿಗೆ ಬೇಗ ಅರ್ಥ ಆಗುತ್ತೆ. ಸುಣ್ಣ, ಮರಳು ಕಲಸಿ ಸಾರಣೆ ಹಾಕಿ, ಅದು ಹಸಿ ಇರುವಾಗಲೇ ನೀರಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿ ತಗೊಂಡು ಗಟ್ಟಿ ಆಗುವಾಗ ಬಣ್ಣವನ್ನೂ ಒಳಗೆ ಹಿಡಿದುಕೊಳ್ಳುತ್ತೆ. ಆಮೇಲೆ ಬಣ್ಣ ಗೋಡೆಯ ಭಾಗವೇ. ಆದ್ರೆ ಆ ದಿನ ಎಷ್ಟು ಬಿಡಿಸಬಹುದೋ ಅಷ್ಟಕ್ಕೆ ಮಾತ್ರ ಸಾರಣೆ ಹಾಕಬೇಕು. ತಪ್ಪಾದ್ರೆ ಒರೆಸಿ ತಿದ್ದೋ ಹಾಗಿಲ್ಲ, ಕೆತ್ತಿ ತೆಗೆದು ಮತ್ತೆ ಸಾರಣೆ. ಹಾಗಾಗಿ ಇದು ಒಬ್ಬನೇ ಮಾಡುವ ಕೆಲಸ ಅಲ್ಲವೇ ಅಲ್ಲ. ಸುಣ್ಣ ಅರಳಿಸೋಕೆ ಒಬ್ಬ, ಸಾರಣೆಗೆ ಒಬ್ಬ, ಬಣ್ಣ ಅರೆಯೋಕೆ ಒಬ್ಬ ಬೇಕು. ಕಾಗದದ ಮೇಲೆ ಬಿಡಿಸಿದ ಚಿತ್ರದ ಗೆರೆ ಉದ್ದಕ್ಕೂ ಸೂಜಿಯಲ್ಲಿ ತೂತು ಮಾಡಿ, ಇದ್ದಿಲ ಪುಡಿ ತಟ್ಟಿ ಗೋಡೆಗೆ ಇಳಿಸೋಕೂ ಜನ ಬೇಕು. ಶಿಷ್ಯ ಆಗೋದು ಅಂದ್ರೆ ಇಲ್ಲಿಂದಲೇ ಶುರು. ಗ್ಯಾರೇಜಿಗೆ ಸೇರಿದ ಹುಡುಗ ಮೊದಲ ವರ್ಷ ಸ್ಪ್ಯಾನರ್ ಕೊಟ್ಟುಕೊಂಡು ಕಲಿಯುವ ಹಾಗೆ. ಕುಂಚ ಕೈಗೆ ಬರುವುದು ಕೊನೆಗೆ.

ಚಾಪೆಲ್‌ನಲ್ಲಿ ಮುಖ್ಯವಾಗಿ ಬಿಡಿಸಿದ್ದು ಸಂತ ಅಲೋಶಿಯಸ್ ಗೊನ್ಝಾಗಾನ ಕತೆ. ದೊಡ್ಡ ಮನೆತನದ ಹಿರಿ ಮಗ, ಆಸ್ತಿ ಬಿಟ್ಟು ಜೆಸ್ವಿಟ್ ಸೇರಿದವ. ರೋಮ್‌ನಲ್ಲಿ ಪ್ಲೇಗ್ ಬಂದಾಗ ರೋಗಿಗಳ ಚಾಕರಿ ಮಾಡಿ, 1591ರಲ್ಲಿ 23ನೇ ವಯಸ್ಸಿಗೆ ತೀರಿಹೋದ. ಬಿಟ್ಟು ಬಂದವನ ಕತೆಯನ್ನು ಬಿಟ್ಟು ಬಂದವರೇ ಬಿಡಿಸಿದ್ದು. ಹೂವಿನ ಅಂಚುಗಳನ್ನು ನೋಡಿದ್ರೆ ಗಾರೆಯಲ್ಲಿ ಉಬ್ಬಿಸಿ ಮಾಡಿದ ಹಾಗೆ ಕಾಣುತ್ತೆ. ಮುಟ್ಟಿದ್ರೆ ಸಪಾಟು. ಆದ್ರೆ ದಯವಿಟ್ಟು ಮುಟ್ಟಬೇಡಿ. ನಮ್ಮ ಮಳೆಗೆ ನೂರು ವರ್ಷ ಸಿಕ್ಕಿದ ಚಿತ್ರಗಳು, 1990ರ ದಶಕದ ಮೊದಲಲ್ಲಿ ಇಂಟ್ಯಾಕ್ ಸಂಸ್ಥೆಯವರು ಕಷ್ಟಪಟ್ಟು ಸರಿಮಾಡಿದ್ದಾರೆ.

ಇಲ್ಲಿಯ ಕೆಲಸ ಮುಗಿದ ಮೇಲೂ ಮೊಸ್ಕೇನಿ ಇಟಲಿಗೆ ವಾಪಸ್ ಹೋಗಲಿಲ್ಲ. ಮುಂಬೈಯ ಹೋಲಿ ನೇಮ್ ಇಗರ್ಜಿಯ ಒಳಗೋಡೆಗೆ ಚಿತ್ರ ಬಿಡಿಸಿದರು. ಆಮೇಲೆ ಕೊಚ್ಚಿಯ ಸಾಂತಾ ಕ್ರೂಜ್. ಅಲ್ಲಿದ್ದ ಪೋರ್ಚುಗೀಸರ ಕಾಲದ ಹಳೇ ಇಗರ್ಜಿಯನ್ನು ಬ್ರಿಟಿಷರು 1795ರಲ್ಲಿ ಕೆಡವಿದ್ದರು. ಹೊಸದನ್ನು ಕಟ್ಟಲು 1887ರಲ್ಲಿ ಶುರು ಮಾಡಿದ್ದು. ಒಳಗಿನ ಚಿತ್ರಕ್ಕೆ ಮೊಸ್ಕೇನಿಯನ್ನು ಕರೆಸಿದರು.

ಕೊಚ್ಚಿ ಕೆಲಸದ ದಾಖಲೆಯಲ್ಲಿ ಎರಡು ಹೆಸರು ಇದೆ. ಒಂದು ಬ್ರದರ್ ಮೊಸ್ಕೇನಿ, ಇನ್ನೊಂದು ಅವರ ಶಿಷ್ಯ, ಮಂಗಳೂರಿನ ದ ಗಾಮಾ. ನನಗೆ ಇಡೀ ಕತೆಯಲ್ಲಿ ದೊಡ್ಡದಾಗಿ ಕಾಣೋದು ಇದೇ. ಅದು ಬ್ರಿಟಿಷರ ಕಾಲ. ಯುರೋಪಿನವರು ಮಾಡಿದ ಕೆಲಸದಲ್ಲಿ ಕೈಜೋಡಿಸಿದ ನಮ್ಮವರ ಹೆಸರು ಉಳಿದಿರೋದು ಅಪರೂಪ. ಚಾಪೆಲ್‌ನ ಅಟ್ಟಣಿಗೆಗೆ ಬಕೆಟ್ ಹೊತ್ತವರು ಯಾರು, ಯಾರಿಗೆ ಗೊತ್ತು? ಈ ಒಬ್ಬರು ಮಾತ್ರ ಆಳು ಅಂತ ಅಲ್ಲ, ಶಿಷ್ಯ ಅಂತ ಉಳಿದರು. ಒಬ್ಬ ಬ್ರದರ್‌ಗೆ ತನ್ನದು ಅಂತ ಕೊಡೋಕೆ ಹಣ ಇಲ್ಲ, ಜಾಗ ಇಲ್ಲ. ಕೈಯ ವಿದ್ಯೆ ಕೊಡಬಹುದು, ಪ್ರಾರ್ಥನೆ ಮುಗಿಸಿ ಕೆಲಸಕ್ಕೆ ಇಳಿಯುವ ಆ ಬದುಕನ್ನು ಹತ್ತಿರದಿಂದ ತೋರಿಸಬಹುದು. ನಮ್ಮ ಪೇಟೆಯಲ್ಲಿ ಬೋರ್ಡ್ ಬರೆಯುತ್ತಿದ್ದ ಹಳೇ ಕಲಾವಿದರೂ ಹೀಗೇ ಹುಡುಗರನ್ನು ಪಕ್ಕ ಕೂರಿಸಿ ಕಲಿಸ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಅದೂ ನಿಂತಿತು ಬಿಡಿ.

ಸಾಂತಾ ಕ್ರೂಜ್‌ನಲ್ಲಿ ಶಿಲುಬೆ ಹಾದಿಯ ಚಿತ್ರಗಳಿವೆ, ಲಿಯೊನಾರ್ಡೊ ಡ ವಿಂಚಿಯ ಮಾದರಿಯಲ್ಲಿ ಬಿಡಿಸಿದ ಕೊನೆಯ ಭೋಜನವೂ ಇದೆ. ಕೆಲಸದ ಸಮಯದಲ್ಲೇ ಮೊಸ್ಕೇನಿಯ ಆರೋಗ್ಯ ಕೆಟ್ಟಿತು. 1905ರ ನವೆಂಬರ್ 15ರಂದು ಕೊಚ್ಚಿಯಲ್ಲೇ ತೀರಿಕೊಂಡರು, ವಯಸ್ಸು 51. ಇಗರ್ಜಿಯ ಉದ್ಘಾಟನೆ ನವೆಂಬರ್ 19ಕ್ಕೆ ನಿಗದಿಯಾಗಿತ್ತು. ನಾಲ್ಕೇ ದಿನ ಬಾಕಿ.

ಕೊಚ್ಚಿಗೆ ಟ್ರಿಪ್ ಹೋದಾಗ ಚೀನಾ ಬಲೆ ನೋಡಿ ವಾಪಸ್ ಬರುವವರೇ ಹೆಚ್ಚು. ಅಲ್ಲೇ ಫೋರ್ಟ್ ಕೊಚ್ಚಿಯಲ್ಲೇ ಇದೆ ಸಾಂತಾ ಕ್ರೂಜ್. ಒಳಗೆ ಹೋಗಿ ನೋಡಿ, ಅಲ್ಲಿಯ ಬಣ್ಣದಲ್ಲಿ ಮಂಗಳೂರಿನವರ ಕೈಯೂ ಇದೆ.