ಸ್ವಾಭಿಮಾನಿ ಸಂಗೀತಗಾರ ಪಾಬ್ಲೊ ಕಸಾಲ್ಸ್

ಕಲಾವಿದನಿಗೆ ರಾಜಕಾರಣದ ಗೊಡವೆ ಏಕೆಂದು ಕೇಳುವವರು ಹಲವರುಂಟು. ಹಾಡುವವನು ಹಾಡಿಕೊಂಡಿರಲಿ, ಆಳುವವನು ಆಳಿಕೊಂಡಿರಲಿ ಎಂಬುದು ಅವರ ಮತ. ಈ ಮತವನ್ನು ಮಾತಿನಿಂದಲ್ಲದೆ ಬಾಳಿನಿಂದಲೇ ಖಂಡಿಸಿದ ಮಹನೀಯರೊಬ್ಬರ ಚರಿತ್ರೆಯನ್ನು ಇಂದು ವಾಚಕರ ಮುಂದಿಡುತ್ತೇವೆ.

ಪಾಬ್ಲೊ ಕಸಾಲ್ಸರು 1876ನೆಯ ಇಸವಿ ಡಿಸೆಂಬರ್ 29ರಂದು ಸ್ಪೇಯಿನ್ ದೇಶದ ಕ್ಯಾಟಲೋನಿಯಾ ಪ್ರಾಂತದಲ್ಲಿ, ವೆಂಡ್ರೆಲ್ ಎಂಬ ಊರಿನಲ್ಲಿ ಜನಿಸಿದರು. ಆ ಪ್ರಾಂತಕ್ಕೆ ತನ್ನದೇ ಆದ ಭಾಷೆಯೂ ಅಭಿಮಾನವೂ ಉಂಟು. ತಂದೆ ಇಗರ್ಜಿಯಲ್ಲಿ ಆರ್ಗನ್ ವಾದ್ಯವನ್ನು ನುಡಿಸುವವರು, ಸಂಸಾರ ಬಡತನದ್ದು. ಪಿಟೀಲಿನ ಜಾತಿಗೆ ಸೇರಿದ, ಆದರೆ ಕುಳಿತು ಮೊಣಕಾಲುಗಳ ನಡುವೆ ನಿಲ್ಲಿಸಿ ನುಡಿಸುವ ಸೆಲ್ಲೊ ಎಂಬ ದೊಡ್ಡ ವಾದ್ಯದ ಗಂಭೀರ ನಾದಕ್ಕೆ ಬಾಲಕನು ಹನ್ನೊಂದನೆಯ ವಯಸ್ಸಿನಲ್ಲಿ ಮಾರುಹೋದನು. ತಾಯಿ ಅವನನ್ನು ಬಾರ್ಸಿಲೋನಾ ನಗರಕ್ಕೆ ಕರೆದೊಯ್ದು ವಿದ್ಯೆಗೆ ಹಚ್ಚಿದರು. ಹಗಲು ಪಾಠ, ಸಂಜೆ ಕಾಫಿ ಅಂಗಡಿಯಲ್ಲಿ ವಾದನ; ಹೀಗೆ ಅವನ ವ್ಯಾಸಂಗ ಸಾಗಿತು.

ಆಗಿನ ಗುರುಗಳು ಶಿಷ್ಯನ ಬಲಗಂಕುಳಲ್ಲಿ ಪುಸ್ತಕವನ್ನಿರಿಸಿ, ಅದು ಬೀಳದಂತೆ ಕಮಾನನ್ನು ಎಳೆಯಬೇಕೆಂದು ಕಟ್ಟುಮಾಡುತ್ತಿದ್ದರು. ಕಸಾಲ್ಸರು ಆ ಕಟ್ಟನ್ನು ಕಿತ್ತೊಗೆದು ತೋಳಿಗೆ ಬಿಡುಗಡೆಯನ್ನಿತ್ತರು. ಎಡಗೈ ಬೆರಳುಗಳನ್ನು ಚಾಚಿ ಹಿಡಿಯುವ ಹೊಸ ಕ್ರಮವನ್ನು ರೂಢಿಸಿದರು. ಮುಂದೆ ಈ ಕ್ರಮವೇ ಜಗತ್ತಿಗೆಲ್ಲ ಪಾಠವಾಯಿತು. ಹದಿಮೂರನೆಯ ವಯಸ್ಸಿನಲ್ಲಿ, ಹಳೆಯ ಅಂಗಡಿಯೊಂದರಲ್ಲಿ, ಜರ್ಮನಿಯ ಬಾಖ್ ಮಹಾಶಯನು ಸೆಲ್ಲೊ ಒಂದಕ್ಕೇ ರಚಿಸಿದ ಆರು ಕೃತಿಮಾಲೆಗಳು ಅವರ ಕೈಸೇರಿದವು. ಲೋಕವು ಅವುಗಳನ್ನು ಬರಿಯ ಅಭ್ಯಾಸಪಾಠಗಳೆಂದೆಣಿಸಿತ್ತು. ಹನ್ನೆರಡು ವರ್ಷ ನಿತ್ಯವೂ ಸಾಧನೆ ಮಾಡಿದ ಮೇಲೆಯೇ ಕಸಾಲ್ಸರು ಅವುಗಳನ್ನು ಸಭೆಯಲ್ಲಿ ನುಡಿಸಲು ಧೈರ್ಯಗೊಂಡರು. ಇಂದಿನ ಅವಸರದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

1899ರಲ್ಲಿ ವಿಕ್ಟೋರಿಯಾ ರಾಣಿಯ ಸನ್ನಿಧಿಯಲ್ಲಿ ನುಡಿಸಿದರು. ಪ್ಯಾರಿಸ್ ನಗರವನ್ನು ಗೆದ್ದರು. ಧನವೂ ಕೀರ್ತಿಯೂ ತಾನಾಗಿ ಬಂದವು. ಆದರೆ ಅವರು ತಾಯ್ನಾಡನ್ನು ಮರೆಯಲಿಲ್ಲ. 1920ರಲ್ಲಿ ಬಾರ್ಸಿಲೋನಾದಲ್ಲಿ ವಾದ್ಯಗೋಷ್ಠಿಯೊಂದನ್ನು ಕಟ್ಟಿ, ಅದರ ನಷ್ಟವನ್ನು ವರ್ಷಗಟ್ಟಲೆ ಕೈಯಿಂದಲೇ ಭರಿಸಿದರು. ಕೂಲಿಕಾರರು ಅಲ್ಪ ವಂತಿಗೆಯಲ್ಲಿ ಉತ್ತಮ ಸಂಗೀತವನ್ನು ಕೇಳುವಂತೆ ಸಂಘವನ್ನೂ ಏರ್ಪಡಿಸಿದರು.

1936ರಲ್ಲಿ ಸೇನಾನಿ ಫ್ರಾಂಕೋವಿನ ಪಕ್ಷವು ಪ್ರಜಾಸರ್ಕಾರದ ಮೇಲೆ ಬಂಡೆದ್ದಿತು. 1939ರಲ್ಲಿ ಕ್ಯಾಟಲೋನಿಯಾ ಸೋತಾಗ ಲಕ್ಷಾಂತರ ಜನರು ಗಡಿ ದಾಟಿ ಫ್ರಾನ್ಸಿಗೆ ಓಡಿದರು. ಕಸಾಲ್ಸರೂ ದೇಶವನ್ನು ತೊರೆದು, ಗಡಿಯ ಸಮೀಪದ ಪ್ರಾದ್ ಎಂಬ ಸಣ್ಣ ಊರಿನಲ್ಲಿ ನೆಲೆಸಿದರು. ಶಿಬಿರಗಳಲ್ಲಿ ನರಳುತ್ತಿದ್ದ ತಮ್ಮವರಿಗಾಗಿ ಹಣವೆತ್ತಿದರು, ಅನ್ನವಸ್ತ್ರಗಳನ್ನು ಒದಗಿಸಿದರು. ಹಿಟ್ಲರನ ಜರ್ಮನಿಯಲ್ಲಿ ನುಡಿಸಲು ಒಪ್ಪಲಿಲ್ಲ.

ಮಹಾಯುದ್ಧವು ಮುಗಿದಾಗ, ಗೆದ್ದ ರಾಷ್ಟ್ರಗಳು ಫ್ರಾಂಕೋವನ್ನೂ ಇಳಿಸುವುವೆಂದು ನಂಬಿದ್ದರು. 1945ರಲ್ಲಿ ಇಂಗ್ಲೆಂಡಿನಲ್ಲಿ ಸಂತೋಷದಿಂದ ನುಡಿಸಿದರು. ಆ ನಂಬಿಕೆ ಹುಸಿಯಾಯಿತು. ಸರ್ವಾಧಿಕಾರಿಯನ್ನು ಮನ್ನಿಸುವ ದೇಶಗಳಲ್ಲಿ ತಾವು ನುಡಿಸುವುದಿಲ್ಲವೆಂದು ಅವರು ಕಮಾನನ್ನು ಕೆಳಗಿಟ್ಟರು. 1950ರಲ್ಲಿ, ಬಾಖನ ಇನ್ನೂರನೆಯ ಪುಣ್ಯವರ್ಷದಲ್ಲಿ, ಅವರು ಲೋಕಕ್ಕೆ ಹೋಗಲಿಲ್ಲ. ಲೋಕದ ಸಂಗೀತಗಾರರೇ ಪ್ರಾದಿಗೆ ಬಂದರು. 1956ರಲ್ಲಿ ತಾಯಿಯ ಜನ್ಮಭೂಮಿಯಾದ ಪೋರ್ಟೊರಿಕೊ ದ್ವೀಪಕ್ಕೆ ಹೋಗಿ ನೆಲೆಸಿ, ಅಲ್ಲಿಯೂ ಸಂಗೀತವಿದ್ಯೆಯನ್ನು ಬೆಳೆಸಿದರು.

ಅವರ ವ್ರತವು ಎಳ್ಳಷ್ಟೂ ಸಡಿಲಲಿಲ್ಲವೆಂದು ನಾವು ಹೇಳಲಾರೆವು. ಶಾಂತಿಯ ನಿಮಿತ್ತ 1958ರಲ್ಲಿ ವಿಶ್ವಸಂಸ್ಥೆಯಲ್ಲಿಯೂ, 1961ರಲ್ಲಿ ಅಧ್ಯಕ್ಷ ಕೆನೆಡಿಯವರ ಮುಂದೆಯೂ ನುಡಿಸಿದರು. ಅವರ ಮೌನದಿಂದ ಫ್ರಾಂಕೋವಿನ ಗದ್ದುಗೆಯೂ ಉರುಳಲಿಲ್ಲ. 1973ನೆಯ ಅಕ್ಟೋಬರ್ 22ರಂದು, ತೊಂಬತ್ತಾರನೆಯ ವಯಸ್ಸಿನಲ್ಲಿ ಅವರು ಪರದೇಶದಲ್ಲಿಯೇ ಕಣ್ಣುಮುಚ್ಚಿದರು. ಸರ್ವಾಧಿಕಾರಿಯು ಮತ್ತೆರಡು ವರ್ಷ ಆಳಿ 1975ರಲ್ಲಿ ಸತ್ತನು.

ಹಾಗಾದರೆ ಆ ತ್ಯಾಗವು ವ್ಯರ್ಥವೇ? ಅಲ್ಲವೆಂದೇ ನಮ್ಮ ಅಭಿಪ್ರಾಯ. ಪ್ರಬಲ ರಾಷ್ಟ್ರಗಳು ಸೌಕರ್ಯಕ್ಕಾಗಿ ಮರೆತ ಅನ್ಯಾಯವನ್ನು ಒಬ್ಬ ವಾದ್ಯಗಾರನು ಮೂವತ್ತು ವರ್ಷಕ್ಕೂ ಮಿಕ್ಕಿ ಮರೆಯಗೊಡಲಿಲ್ಲ. 1971ರಲ್ಲಿ, ತೊಂಬತ್ತನಾಲ್ಕರ ಮುಪ್ಪಿನಲ್ಲಿ, ವಿಶ್ವಸಂಸ್ಥೆಯ ಸಭೆಯಲ್ಲಿ ಅವರು ಸೆಲ್ಲೊದ ಮೇಲೆ ನುಡಿಸಿದ್ದು ತಮ್ಮ ನಾಡಿನ ಹಳ್ಳಿಯ ಹಾಡನ್ನೇ. 1979ರಲ್ಲಿ ಅವರ ಅಸ್ಥಿಯನ್ನು ವೆಂಡ್ರೆಲ್ಲಿಗೆ ತಂದು ಸಮಾಧಿ ಮಾಡಿದರು. ಜೀವವಿದ್ದಾಗ ತಲೆಬಾಗಿ ಪ್ರವೇಶಿಸಲೊಲ್ಲದ ನಾಡಿಗೆ ಅವರು ಮಾನದಿಂದಲೇ ಮರಳಿದರು.